ಆಂಟ್‌ವರ್ಪಿನ ಓಣಿಯಲ್ಲಿ ದಿಬ್ಬಣದ ನಡಿಗೆ

ಬೆಲ್ಜಿಯಂನ ಆಂಟ್‌ವರ್ಪಿಗೆ ಬಂದವರು ವಜ್ರದ ಅಂಗಡಿ ನೋಡುತ್ತಾರೆ, ಇಲ್ಲವೇ ರೂಬೆನ್ಸ್‌ನ ಚಿತ್ರ. ನಾನು ಹೊರಟಿದ್ದು ಟೀಲ್‌ಮನ್ ಸುಸಾಟೊನ ಊರು ನೋಡಲು. ಲ್ಯೂವೆನ್‌ನಲ್ಲಿ ಓದುತ್ತಿರುವ ಅಕ್ಕನ ಮಗಳು ರೈಲಿನಲ್ಲೇ ಕೇಳಿದಳು, "ಅವನ್ಯಾರು ಚಿಕ್ಕಮ್ಮ?"

ಊರಿನ ಸರ್ಕಾರಿ ವಾದ್ಯಗಾರ ಅವನು. ಕಹಳೆ, ಕೊಳಲು ಎಲ್ಲಾ ನುಡಿಸುತ್ತಿದ್ದ. 1543ರಲ್ಲಿ ಸಂಗೀತ ಅಚ್ಚು ಹಾಕುವ ಪ್ರೆಸ್ ಶುರು ಮಾಡಿದ. ಅಂಗಡಿಯ ಗುರುತು ಕ್ರಮ್‌ಹಾರ್ನ್, ಅಂದರೆ ಕೊಡೆಯ ಹಿಡಿಯಂತೆ ತುದಿ ಬಾಗಿದ, ದುಂಬಿಯ ಹಾಗೆ ಗುಂಯ್‌ಗುಡುವ ವಾದ್ಯ. 1551ರಲ್ಲಿ ಅವನು ಕುಣಿತದ ಸಂಗೀತ ಅಚ್ಚು ಹಾಕಿದ. ನಾಲ್ಕು ಜನಕ್ಕೆ ನಾಲ್ಕು ಬೇರೆ ಬೇರೆ ಪುಸ್ತಕ. ಒಬ್ಬೊಬ್ಬರ ಕೈಯಲ್ಲೂ ಅವರವರ ಸ್ವರ ಅಷ್ಟೇ. ನಾಲ್ವರೂ ಕೂತು ನುಡಿಸಿದರೇ ಪೂರ್ತಿ ಹಾಡು. ಯಾವ ವಾದ್ಯ? ಯಾವುದಾದರೂ ಸರಿ, ಮನೆಯಲ್ಲಿದ್ದದ್ದು!

ಅದರಲ್ಲಿರುವ ಪವಾನ್‌ಗಳೇ ನನಗೆ ಇಷ್ಟ. ಪವಾನ್ ಅಂದರೆ ಅರಮನೆಯ ನಿಧಾನದ ಕುಣಿತ. ನವಿಲಿನಿಂದ ಆ ಹೆಸರು ಬಂತು ಅನ್ನುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಇಟಲಿಯ ಪಾಡುವಾ ಊರಿಂದ ಬಂತು ಅನ್ನುವ ಮಾತೇ ನನಗೆ ಜಾಸ್ತಿ ಸರಿ ಅನಿಸುತ್ತದೆ.

ನಾವು ಹೋಗಿದ್ದು ಫ್ಲೇಸ್‌ಹೌಸ್‌ಗೆ. 1504ರಲ್ಲಿ ಮುಗಿದ ಕಸಾಯಿಗಳ ಸಂಘದ ಕಟ್ಟಡ. ಕೆಂಪು ಇಟ್ಟಿಗೆ, ಬಿಳಿ ಕಲ್ಲು, ಮತ್ತೆ ಇಟ್ಟಿಗೆ, ಮತ್ತೆ ಕಲ್ಲು. ಗೋಡೆಯೇ ಮಾಂಸ-ಕೊಬ್ಬಿನ ಪದರದ ಹಾಗಿದೆ. ಒಳಗೆ ಸಂಗೀತದ ಮ್ಯೂಸಿಯಂ. ಅವತ್ತು ಸೋಮವಾರ. ಬಾಗಿಲು ಹಾಕಿತ್ತು. ತಪ್ಪು ನನ್ನದೇ, ನೋಡಿಕೊಂಡು ಹೊರಡಬೇಕಿತ್ತು ಅಲ್ವಾ?

ಸುಮ್ನೆ ವಾಪಸ್ ಬರೋಕೆ ಮನಸ್ಸಾಗಲಿಲ್ಲ. ಪಕ್ಕದ ಓಣಿಯಲ್ಲಿ ನಿಂತು ಫೋನಿನಲ್ಲಿ ಸುಸಾಟೊನ 'ಬತಾಯ್' ಪವಾನ್ ಹಾಕಿದೆ. 'ಬತಾಯ್' ಅಂದರೆ ಯುದ್ಧ. ಕಹಳೆ ಕೂಗಿದಂತೆ ಒಂದೇ ಸ್ವರ ಮತ್ತೆ ಮತ್ತೆ ಬರುತ್ತದೆ.

"ಕುಣಿಯೋದು ಹೇಗೆ?" ಅಂದಳು ಹುಡುಗಿ.

ಹೆಜ್ಜೆಗಳನ್ನು 1589ರಲ್ಲಿ ಫ್ರಾನ್ಸಿನ ಲಾಂಗ್ರ್ ಊರಿನ ಪಾದ್ರಿ ಅರ್ಬೊ ಬರೆದಿಟ್ಟಿದ್ದಾರೆ. ಎಡಗಾಲು ಮುಂದೆ, ಬಲಗಾಲು ಸೇರಿಸು. ಬಲಗಾಲು ಮುಂದೆ, ಎಡಗಾಲು ಸೇರಿಸು. ಆಮೇಲೆ ಎಡ, ಬಲ, ಎಡ, ಸೇರಿಸು. ಡೋಲಿಗೆ ಒಂದು ಉದ್ದ, ಎರಡು ಗಿಡ್ಡ: ಧೀಂ ತಕ, ಧೀಂ ತಕ. ಅಷ್ಟೇ.

"ಅಯ್ಯೋ, ಇದು ಡಾನ್ಸಾ? ಮದುವೆ ದಿಬ್ಬಣ ಹೊರಟ ಹಾಗಿದೆ."

ನಗು ಬಂತು. ಅರ್ಬೊ ಹೇಳುವುದೂ ಅದನ್ನೇ. ದೊಡ್ಡ ಮನೆತನದ ಮದುಮಗಳನ್ನು ಚರ್ಚಿಗೆ ಕರೆದೊಯ್ಯುವಾಗ ಪವಾನ್ ನುಡಿಸುತ್ತಿದ್ದರಂತೆ. ಅದಕ್ಕೆ ಊದುತ್ತಿದ್ದದ್ದೂ ನಮ್ಮ ಓಲಗದ ನೆಂಟನಂಥ ವಾದ್ಯ. ರಾಜರು ಉದ್ದ ನಿಲುವಂಗಿ ಹೊದ್ದು ಮೆರೆಯುತ್ತಿದ್ದದ್ದೂ ಇದಕ್ಕೇ. ಅಷ್ಟು ಭಾರ ಹೊತ್ತವರು ಇನ್ನೇನು ಜಿಗಿಯುತ್ತಾರೆ?

ಕೈ ಹಿಡಿದು ಹೊರಟೆವು. ಕಲ್ಲು ಹಾಸಿದ ಓಣಿ, ಮೇಲೆ ತುಂತುರು ಮಳೆ. ಮೂರನೇ ಸಲ ಸರಿಯಾಗಿ ಬಂತು ಅನ್ನುವಷ್ಟರಲ್ಲಿ ಹಿಂದಿನಿಂದ ಸೈಕಲ್ ಬೆಲ್.

"ಚಿಕ್ಕಮ್ಮ, ಪಕ್ಕಕ್ಕೆ!"

ಇಬ್ಬರೂ ಗೋಡೆಗೆ ಅಂಟಿ ನಿಂತೆವು. ಕಾಲು ಮಾತ್ರ ತಾಳ ತಪ್ಪಿರಲಿಲ್ಲ.