ಕಡಲಿಗೂ ಕಟ್ಟು ನೀರು

ಮಂಡ್ಯದಿಂದ ನಾವು ನಾಲ್ವರು ಮಲ್ಪೆ ಪಕ್ಕದ ಪಡುಕೆರೆಗೆ ಹೋಗಿದ್ದೇ ನಿದ್ದೆ ಮಾಡೋಕೆ. ಎಂಟಕ್ಕೆ ಮುಂಚೆ ಯಾರೂ ಏಳಬಾರದು ಅಂತ ಶಿರಾಡಿ ಘಾಟಿಯಲ್ಲೇ ಮಾತಾಗಿತ್ತು. ಆದರೆ ನಮ್ಮಲ್ಲೊಬ್ಬ ಎರಡು ಸೀಮೆಹಸು ಸಾಕಿದವನು. ದಿನಾ ಆರಕ್ಕೆ ಡೈರಿಗೆ ಹಾಲು ಹಾಕಿ ಅಭ್ಯಾಸ. ಹಸು ಊರಲ್ಲಿದ್ದರೂ ಇವನು ಐದಕ್ಕೆ ಎದ್ದು ಕೂತ. ಎದ್ದವನು ಸುಮ್ನೆ ಇರಬೇಕು ತಾನೇ? ಲೈಟ್ ಹಾಕಿ, ‘ಏಳ್ರಲಾ, ಸಮುದ್ರಕ್ಕೆ ಬಂದು ಗೋಡೆ ನೋಡ್ಕಂಡು ಮಲಗ್ತೀರಲ್ಲ’ ಅಂದ.

ಬೈದುಕೊಂಡೇ ಹೋದೆವು. ಆಮೇಲೆ ಮೂರೂ ದಿನ ಅದೇ ಆಯಿತು. ಸೇಂಟ್ ಮೇರೀಸ್ ದ್ವೀಪ, ಉಡುಪಿ ಮಠ ಎಲ್ಲ ನೋಡಿದೆವು, ಅದನ್ನು ಬಿಡಿ.

ಮೊದಲು ಗೂಡಂಗಡಿಯಲ್ಲಿ ಚಾ. ಆಮೇಲೆ ಬರಿಗಾಲಲ್ಲಿ ನಡಿಗೆ. ಸೂರ್ಯ ಬೆನ್ನ ಹಿಂದೆ, ತೆಂಗಿನ ಮರಗಳ ಸಂದಿಯಿಂದ ಬರುತ್ತಿದ್ದ. ಎಂಟೂವರೆಗೆ ತಿಂಡಿ. ನೀರುದೋಸೆಗೆ ನೂರಕ್ಕೆ ನೂರು. ಬನ್ಸ್ ಮಾತ್ರ ನನಗೆ ಒಗ್ಗಲಿಲ್ಲ. ಬಾಳೆಹಣ್ಣು ಹಾಕಿದ ಸಿಹಿ ಪೂರಿಗೆ ಖಾರದ ಚಟ್ನಿ ಯಾಕೋ!

ಮೂರನೇ ದಿನ ಚಪ್ಪಲಿ ಹೋಯಿತು. ಮೊದಲ ದಿನ ಆರೂವರೆಗೆ ನೀರಿನಂಚಿಂದ ನಾಲ್ಕು ಮಾರು ಮೇಲೆ ಬಿಟ್ಟು ಹೋಗಿದ್ದೆವು, ವಾಪಸ್ ಬಂದಾಗ ಹಾಗೇ ಇದ್ದವು. ಮೂರನೇ ದಿನವೂ ಅದೇ ಹೊತ್ತಿಗೆ, ಅಷ್ಟೇ ದೂರ ಬಿಟ್ಟೆವು. ಬಂದು ನೋಡಿದರೆ ನಾಲ್ಕು ಜೊತೆಯೂ ಇಲ್ಲ. ನನ್ನದಂತೂ ಹೊಸದು. ಭರತ, ಅಂದರೆ ಸಮುದ್ರದ ನೀರು ಏರುವುದು, ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮೊದಲ ದಿನ ನೀರು ಇಳಿಯುತ್ತಿದ್ದ ಹೊತ್ತಿಗೆ ಮೂರನೇ ದಿನ ಇನ್ನೂ ಏರುತ್ತಿತ್ತು. ನೀವು ಹೋದರೆ ಚಪ್ಪಲಿ ಕೈಯಲ್ಲೇ ಹಿಡ್ಕೊಳ್ಳಿ.

ಅಷ್ಟು ದೂರದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗ ಹಿಡಿದು ದಡದಲ್ಲಿ ಎರಡು ಗುಂಪು ಎಳೆಯುತ್ತದೆ. ಡೈರಿಯವನು ಯಾರನ್ನೂ ಕೇಳದೆ ಹಗ್ಗಕ್ಕೆ ಕೈ ಹಾಕಿದ. ನಾವೂ ಹಿಡಿದೆವು. ಒದ್ದೆ ಹಗ್ಗಕ್ಕೆ ಮರಳು ಮೆತ್ತಿಕೊಂಡು ಅಂಗೈ ಉರಿಯತೊಡಗಿತು.

ಮುಂದೆ ನಿಂತಿದ್ದ ಅಜ್ಜ ತಿರುಗಿ ನೋಡಿದರು. ‘ಎಲ್ಲಿಂದ ಬಂದದ್ದು ನೀವು?’

‘ಮಂಡ್ಯ, ಯಜಮಾನ್ರೇ. ಚಪ್ಪಲಿ ಎಲ್ಲಾ ನೀರ್ ಪಾಲಾಯ್ತು.’

‘ನಿಮ್ಮಲ್ಲಿ ನೀರು ಏರುದಿಲ್ವಾ?’

‘ನಮ್ದು ವಿಸಿ ನಾಲೆ ನೀರು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬುದ್ರೆ ಹಬ್ಬ. ಇಲ್ದಿದ್ರೆ ಕಟ್ಟು ನೀರು. ಒಂದಷ್ಟು ದಿನ ಬುಡ್ತಾರೆ, ಒಂದಷ್ಟು ದಿನ ನಿಲ್ಲುಸ್ತಾರೆ.’

‘ಇಲ್ಲಿಯೂ ಅದೇ ಮಾರಾಯ್ರೆ. ದಿನಕ್ಕೆ ಎರಡು ಸಲ ಬಿಡುದು, ಎರಡು ಸಲ ತೆಗೆಯುದು.’

‘ಯಾರು ಬುಡೋರು?’

‘ಚಂದ್ರ. ನಿಮ್ಮಲ್ಲಿ?’

‘ಇಂಜಿನಿಯರ್ರು.’

‘ಹಾಗಾದ್ರೆ ಅರ್ಜಿ ಕೊಡ್ಲಿಕ್ಕಾದ್ರೂ ಆಗ್ತದೆ.’

‘ಕೊಟ್ಟಿದೀವಿ, ಕೊಟ್ಟಿದೀವಿ’ ಅಂದ ನಮ್ಮವನು.

ಅಜ್ಜ ನಕ್ಕ ನಗೆಗೆ ಹಗ್ಗ ಸಡಿಲವಾಯಿತು. ಆ ಕಡೆ ಗುಂಪಿನಿಂದ ತುಳುವಿನಲ್ಲಿ ಬೈಗುಳ ಬಂತು. ಅರ್ಥವಾಗದಿದ್ದರೂ ಬೈಗುಳ ಅಂತ ಗೊತ್ತಾಯಿತು.

ಕೊನೆಗೆ ಬಲೆ ದಡಕ್ಕೆ ಬಂತು. ಒಂದು ಬುಟ್ಟಿಯಷ್ಟು ಬೂತಾಯಿ ಮೀನು, ಎರಡು ಏಡಿ, ಒಂದು ಚಪ್ಪಲಿ. ನಾಲ್ವರೂ ಬಗ್ಗಿ ನೋಡಿದೆವು. ನಮ್ಮದಲ್ಲ.