ಬಲಗಡೆ ಸ್ಟೇರಿಂಗ್ ಇದ್ದ ಅಮೆರಿಕದ ಕಾರು

ಆಟಿ ತಿಂಗಳ ಮಳೆ, ಉಡುಪಿಯಲ್ಲಿ ಹೊರಗೆ ಕಾಲಿಡುವ ಹಾಗಿರಲಿಲ್ಲ. ಸಂಜೆಗೇ ಕರೆಂಟ್ ಹೋಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು, ದುಬೈಯಿಂದ ರಜೆಗೆ ಬಂದಿದ್ದ ಭಾವನಿಗೆ ಹೊತ್ತು ಹೋಗುತ್ತಿರಲಿಲ್ಲ. ‘ಎಂಥದಾದರೂ ಪತ್ತೇದಾರಿ ಹಾಕು ಮಾರಾಯ’ ಅಂದರು.

‘ಡೀಟೂರ್’ ಹಾಕಿದೆ. 1945ರ ಕಪ್ಪು-ಬಿಳುಪು ಚಿತ್ರ, ಎಡ್ಗರ್ ಉಲ್ಮರ್ ನಿರ್ದೇಶನ, 70 ನಿಮಿಷವೂ ಇಲ್ಲ. ಹಾಲಿವುಡ್ಡಿನ ಕಾಸಿಲ್ಲದ ಸಣ್ಣ ಕಂಪನಿಗಳನ್ನೆಲ್ಲ ಸೇರಿಸಿ ‘ಪಾವರ್ಟಿ ರೋ’ ಅನ್ನುತ್ತಿದ್ದರು, ಬಡವರ ಕೇರಿ ಅಂತಲೇ ಇಟ್ಟುಕೊಳ್ಳಿ. ಇದು ಆ ಕೇರಿಯದ್ದು.

ಹೀರೋ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಲಿಫ್ಟ್ ಕೇಳಿಕೊಂಡು ಹೊರಡುತ್ತಾನೆ. ಕಾರೊಂದು ನಿಲ್ಲುತ್ತದೆ. ಭಾವ ಎದ್ದು ಕೂತರು. ‘ತಡಿ ತಡಿ. ಸ್ಟೇರಿಂಗ್ ಬಲಗಡೆ ಯಾಕುಂಟು? ಅಮೆರಿಕ ಅಲ್ವಾ ಇದು?’

ಮೊದಲೇ ಎರಡು ಸಲ ನೋಡಿದ್ದ ನನಗೆ ಗೊತ್ತೇ ಆಗಿರಲಿಲ್ಲ. ಆಗುವುದಾದರೂ ಹೇಗೆ, ನಮ್ಮ ಕಾರಿಗೂ ಸ್ಟೇರಿಂಗ್ ಅಲ್ಲೇ ಇರುವುದು! ದುಬೈಯಲ್ಲಿ ವರ್ಷಗಟ್ಟಲೆ ಎಡಗಡೆ ಕೂತು ಓಡಿಸಿದವರ ಕಣ್ಣಿಗೇ ಅದು ಬೀಳಬೇಕು. ವಿಷಯ ಏನೆಂದರೆ, ಆ ಭಾಗದ ಫಿಲಂ ಅನ್ನೇ ಕನ್ನಡಿಯೊಳಗೆ ಕಾಣುವ ಹಾಗೆ ತಿರುಗಿಸಿ ಹಾಕಿದ್ದಾರೆ. ಮ್ಯಾಪಿನಲ್ಲಿ ನ್ಯೂಯಾರ್ಕ್ ಬಲಕ್ಕೆ, ಲಾಸ್ ಏಂಜಲೀಸ್ ಎಡಕ್ಕೆ, ಅವನೂ ಪರದೆಯ ಮೇಲೆ ಬಲದಿಂದ ಎಡಕ್ಕೇ ಹೋಗಲಿ ಅಂತ ಹಾಗೆ ಮಾಡಿದರಂತೆ.

ನ್ಯೂಯಾರ್ಕಿನ ಬೀದಿ ಬೇಕು, ಸೆಟ್ ಇಲ್ಲ. ಮಂಜು ಬಿಟ್ಟರು, ಆ ಬಿಳಿ ಹೊಗೆಯಲ್ಲೇ ಇಬ್ಬರು ಮಾತಾಡುತ್ತಾ ನಡೆಯುತ್ತಾರೆ, ಮುಗಿಯಿತು. ಇದೇ ಚಿತ್ರವನ್ನು 1992ರಲ್ಲಿ ಅಮೆರಿಕದವರು ತಮ್ಮ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದರೆ ಕಾಪಿಡಬೇಕಾದ ಚಿತ್ರಗಳ ಪಟ್ಟಿಗೆ, ಸೇರಿಸಿಕೊಂಡರು, ತಿರುಗುಮುರುಗಾದ ಸ್ಟೇರಿಂಗ್ ಸಮೇತ.

ಲಿಫ್ಟ್ ಕೊಟ್ಟವನು ದಾರಿಯಲ್ಲೇ ಸಾಯುತ್ತಾನೆ. ಹೆದರಿದ ಹೀರೋ ಅವನ ಕಾರು, ಅವನ ಬಟ್ಟೆ, ಅವನ ಹೆಸರು ಎಲ್ಲ ತೆಗೆದುಕೊಂಡು ಮುಂದೆ ಹೋಗುತ್ತಾನೆ, ಸಾಲದ್ದಕ್ಕೆ ದಾರಿಯಲ್ಲಿ ನಿಂತಿದ್ದ ಒಬ್ಬ ಹೆಂಗಸನ್ನು ಹತ್ತಿಸಿಕೊಳ್ಳುತ್ತಾನೆ. ಅವಳು ಮಲಗಿದ ಹಾಗೆ ಕಾಣುತ್ತಾಳೆ. ಇದ್ದಕ್ಕಿದ್ದಂತೆ ಕಣ್ಣು ಬಿಟ್ಟು, ಅವನ ಹೆಣ ಎಲ್ಲಿ ಬಿಟ್ಟೆ ಅಂತ ಕೇಳುತ್ತಾಳೆ! ಅದೇ ಕಾರಿನಲ್ಲಿ ಮೊದಲೊಮ್ಮೆ ಅವಳೂ ಲಿಫ್ಟ್ ತೆಗೆದುಕೊಂಡಿದ್ದಳು.

ಆನ್ ಸ್ಯಾವೇಜ್ ಮಾಡಿದ ಈ ವೀರಾ ನನಗೆ ಬಾರಿ ಬಾರಿ ನೋಡಬೇಕೆನಿಸುವ ಪಾತ್ರ. ಈ ಬಗೆಯ ಚಿತ್ರಗಳಲ್ಲಿ ವಿಷಕನ್ಯೆ ಅಂದರೆ ರೇಷ್ಮೆ ಗೌನು, ಸಿಗರೇಟು, ಓರೆನೋಟ. ಇವಳದ್ದು ಕೆದರಿದ ಕೂದಲು, ಕೆಮ್ಮು, ಬಾಯಿ ತೆರೆದರೆ ಬೈಗುಳ. ಮೋಹಿನಿ ಅಲ್ಲ, ಮಾರಿ. ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತ್ರ, ‘ಪಾಪ, ಎಷ್ಟು ಕೆಮ್ಮುತ್ತಾಳೆ, ಒಂದು ಕಷಾಯ ಮಾಡಿ ಕೊಡುವವರಿಲ್ಲ’ ಅಂದರು.

ಮುಗಿದ ಮೇಲೆ ಭಾವ, ‘ಪತ್ತೇದಾರ ಎಲ್ಲಿ?’ ಅಂದರು. ಇದರಲ್ಲಿ ಪತ್ತೇದಾರನೇ ಇಲ್ಲ. ಕತೆ ಪೂರ್ತಿ ಹೇಳುವವನು ಹೀರೋ ಒಬ್ಬನೇ. ಎರಡು ಸಾವು, ಎರಡೂ ಆಕಸ್ಮಿಕ, ಎರಡಕ್ಕೂ ಸಾಕ್ಷಿ ಅವನೇ.

ಊಟಕ್ಕೆ ಕೂತಾಗ ಕರೆಂಟ್ ಬಂತು. ಭಾವ ಅನ್ನ ಕಲಸುತ್ತಾ, ‘ಕಾರನ್ನೇ ತಿರುಗಿಸಿ ತೋರಿಸಿದವರು ಕತೆಯನ್ನು ಬಿಡುತ್ತಾರಾ? ಅವನೇ ಕೊಂದದ್ದು’ ಅಂದರು. ಅಮ್ಮನಿಗೆ ಇನ್ನೂ ಆ ಕೆಮ್ಮಿನದ್ದೇ ಚಿಂತೆ.