ಸಿಡಿ, ಎಲ್‌ಪಿಗಳಿಗೆ ನಂಬರ್ ಹಾಕುವ ಕೆಲಸ: ದಾವಣಗೆರೆ, ಚಿತ್ರದುರ್ಗದ ಮನೆಗಳಿಗಾಗಿ

ಗಾಯಕರ ಹೆಸರಿನ ಪ್ರಕಾರ ಸಿಡಿ ಜೋಡಿಸಲು ಕೂತವರು ಮೊದಲು ತಡವರಿಸುವುದು ತ್ರೀ-ಇನ್-ಒನ್ ಸಿಡಿಗಳ ಹತ್ತಿರ. ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ, ಇಬ್ಬರು ಸಂಗೀತ ನಿರ್ದೇಶಕರು, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್‌ಪಿಬಿ ಮೂವರೂ. ಇದನ್ನು ಯಾರ ಸಾಲಿಗೆ ಸೇರಿಸುವುದು? ಯಾರ ಸಾಲಿಗೆ ಸೇರಿಸಿದರೂ ಉಳಿದವರನ್ನು ಹುಡುಕುವಾಗ ಅದು ಕೈಗೆ ಸಿಗುವುದಿಲ್ಲ. ಹೊಸದೊಂದು ಸಿಡಿ ಬಂದಾಗಲೆಲ್ಲ ಇಡೀ ಸಾಲನ್ನು ಸರಿಸಬೇಕಾದ ತಾಪತ್ರಯ ಬೇರೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಸಂಗ್ರಹ ಇನ್ನೂರು ದಾಟಿತೆಂದರೆ ವಿಂಗಡಣೆಯ ಭಾರವನ್ನು ಕಪಾಟಿನ ಮೇಲೆ ಹೊರಿಸಬಾರದು. ಕಪಾಟಿನಲ್ಲಿ ಬಂದ ಕ್ರಮದಲ್ಲಿ ನಂಬರ್ ಇರಲಿ, ವಿಂಗಡಣೆ ಪಟ್ಟಿಯಲ್ಲಿ ನಡೆಯಲಿ. ಒಮ್ಮೆ ಕೊಟ್ಟ ನಂಬರ್ ಎಂದೂ ಬದಲಾಗಬಾರದು. ಡಿಸ್ಕ್ ಹಾಳಾದರೂ ಆ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ.

ನಂಬರಿನ ಮುಂದೆ ಆಕಾರ ಹೇಳುವ ಒಂದು ಅಕ್ಷರ ಸಾಕು. ಕಂಪನಿ ಸಿಡಿಗೆ ಸಿ, ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆದ ಸಿಡಿಗೆ ಬ, 12 ಇಂಚಿನ ಎಲ್‌ಪಿಗೆ ಎಲ್, 7 ಇಂಚಿನದಕ್ಕೆ ಇ, ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ 78 ಆರ್‌ಪಿಎಂ ಪ್ಲೇಟಿಗೆ ಪಿ. ಅಂಕಿ ನಾಲ್ಕು ಇರಲಿ: ಸಿ-0147, ಎಲ್-0032. ಮುಂದಿನ ಸೊನ್ನೆಗಳನ್ನು ಬಿಟ್ಟರೆ ಕಂಪ್ಯೂಟರ್ 10ನ್ನು 9ಕ್ಕಿಂತ ಮೊದಲು ಇಡುತ್ತದೆ.

ಲೇಬಲ್ ಅಂಟಿಸುವ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಸಿಡಿಯ ಮೈಮೇಲೆ ಮಾತ್ರ ಏನನ್ನೂ ಅಂಟಿಸಬೇಡಿ. ಸಿಡಿ 1.2 ಮಿ.ಮೀ. ದಪ್ಪ ಇದ್ದರೂ ಹಾಡು ಅಡಗಿರುವ ಪದರ ಲೇಬಲ್ ಬದಿಗೆ ಅಂಟಿಕೊಂಡಂತೆ ಇದೆ. ಅದರ ಮೇಲಿರುವುದು ತೆಳುವಾದ ಲ್ಯಾಕರ್ ಮತ್ತು ಮುದ್ರಣದ ಬಣ್ಣ ಅಷ್ಟೆ. ಸ್ಟಿಕ್ಕರ್ ಕಿತ್ತರೆ ಬೆಳ್ಳಿ ಬಣ್ಣದ ಲೋಹದ ಪದರವೂ ಜೊತೆಗೇ ಎದ್ದು ಬರಬಹುದು. ಕೀಳದಿದ್ದರೂ ಬೇಸಿಗೆಯಲ್ಲಿ ಅಂಚು ಎದ್ದು ಕಾರಿನ ಪ್ಲೇಯರ್ ಒಳಗೆ ಸಿಕ್ಕಿಬೀಳುತ್ತದೆ. ಓರೆಯಾಗಿ ಅಂಟಿದ್ದರೆ ಕಂಪ್ಯೂಟರ್ ಡ್ರೈವಿನ ವೇಗಕ್ಕೆ ಡಿಸ್ಕ್ ಅದುರುತ್ತದೆ. ಡಿಸ್ಕಿನ ಮೇಲೆ ನಂಬರ್ ಬೇಕೇ ಬೇಕೆಂದರೆ 15 ಮಿ.ಮೀ. ತೂತಿನ ಸುತ್ತ ಇರುವ ಪಾರದರ್ಶಕ ಬಳೆಯ ಮೇಲೆ, ನೀರು ಆಧಾರಿತ ಸಿಡಿ ಮಾರ್ಕರಿನಲ್ಲಿ ಬರೆಯಿರಿ. ಅಲ್ಲಿ ಹಾಡಿಲ್ಲ. ಸ್ಪಿರಿಟ್ ವಾಸನೆಯ ಮಾರ್ಕರ್ ಬೇಡ, ಬಾಲ್‌ಪೆನ್ ಅಂತೂ ಬೇಡವೇ ಬೇಡ.

ಡಬ್ಬಿಯ ಬೆನ್ನಿಗೂ ಅಂಟಿಲ್ಲದೆಯೇ ನಂಬರ್ ಹಾಕಬಹುದು. ಮುಚ್ಚಳ ತೆಗೆದು, ಡಿಸ್ಕ್ ಹೊರಗಿಟ್ಟು, ಕಪ್ಪು ತಟ್ಟೆಯ ಎಡ ಅಂಚನ್ನು ಉಗುರಿನಿಂದ ನಿಧಾನವಾಗಿ ಎತ್ತಿ. ಮಧ್ಯದ ಹಲ್ಲುಗಳನ್ನು ಹಿಡಿದು ಎಳೆದರೆ ಅವು ಮುರಿಯುತ್ತವೆ. ತಟ್ಟೆಯಡಿ ಇರುವ ಹಿಂಬದಿ ಕಾಗದದ ಎರಡೂ ಅಂಚು ಸುಮಾರು 6.5 ಮಿ.ಮೀ. ಮಡಚಿ ಬೆನ್ನಾಗಿರುತ್ತದೆ. ನಂಬರ್ ಮುದ್ರಿಸಿದ 6 ಮಿ.ಮೀ. ಅಗಲ, 20 ಮಿ.ಮೀ. ಉದ್ದದ ಚೀಟಿಯನ್ನು ಆ ಮಡಿಕೆಗೂ ಪ್ಲಾಸ್ಟಿಕ್ಕಿಗೂ ನಡುವೆ, ಕೆಳತುದಿಗೆ ತಳ್ಳಿ ತಟ್ಟೆಯನ್ನು ಮತ್ತೆ ಕೂರಿಸಿ. ಬೀಳುವುದಿಲ್ಲ, ಕೊಳೆಯಾಗುವುದಿಲ್ಲ, ಕಾಗದಕ್ಕೆ ಗಾಯವಿಲ್ಲ. ಚೀಟಿಯನ್ನು ಲೇಸರ್ ಪ್ರಿಂಟಿನಲ್ಲಿ ತೆಗೆಸಿ. ಈಗ ಎಲ್ಲೆಡೆ ಸಿಗುವ ಪುಟ್ಟ ಥರ್ಮಲ್ ಪ್ರಿಂಟರಿನ ಅಕ್ಷರ ಬಿಸಿಲು, ಸೆಖೆಗೆ ಮಾಸಿಹೋಗುತ್ತದೆ. ಸೆಲ್ಲೊಟೇಪಿನ ಅಂಟು ನಮ್ಮ ಏಪ್ರಿಲ್‌ನಲ್ಲಿ ಕರಗಿ ಪಕ್ಕದ ಡಬ್ಬಿಗೂ ಹತ್ತುತ್ತದೆ.

ಎಲ್‌ಪಿಯ ರಟ್ಟಿನ ಕವರಿನ ಮೇಲೂ ಅಂಟಿಸಬೇಡಿ. ಹೊರಗೊಂದು ಪಾಲಿಪ್ರೊಪಿಲೀನ್ ಚೀಲ ಹಾಕಿ, ಒಳಗೆ ಮೇಲಿನ ಎಡಮೂಲೆಯಲ್ಲಿ ನಂಬರ್ ಚೀಟಿ ಇಳಿಬಿಡಿ. ದಪ್ಪ, ಮೆತ್ತಗಿನ ಪಿವಿಸಿ ಚೀಲ ನೋಡಲು ಚೆಂದ, ಆದರೆ ಸೆಖೆಯಲ್ಲಿ ಅದರಿಂದ ಹೊರಡುವ ರಾಸಾಯನಿಕ ರೆಕಾರ್ಡಿನ ಮೇಲೆ ಮಂಜಿನಂತೆ ಕೂರುತ್ತದೆ, ಒರೆಸಿದರೂ ಹೋಗುವುದಿಲ್ಲ.

ಇನ್ನು ಪಟ್ಟಿ. ಇಡೀ ಏರ್ಪಾಡಿನ ಜೀವ ಇರುವುದು ಇಲ್ಲೇ. ಡಿಸ್ಕಿಗೊಂದು ಸಾಲು ಎಂದು ಬರೆದರೆ ಮತ್ತೆ ಅದೇ ತ್ರೀ-ಇನ್-ಒನ್ ಗೋಳು. ಕೃತಿಗೊಂದು ಸಾಲು ಇರಲಿ: ಮೂರು ಸಿನಿಮಾ ಇದ್ದರೆ ಮೂರು ಸಾಲು, ಮೂರಕ್ಕೂ ನಂಬರ್ ಸಿ-0147. ಹೆಸರನ್ನು ಕನ್ನಡದಲ್ಲೇ ಬರೆಯಿರಿ. ಕವರಿನ ಇಂಗ್ಲಿಷ್ ಕಾಗುಣಿತ ಕಂಪನಿಗೊಂದು ಥರ ಇರುವುದರಿಂದ ಒಬ್ಬರೇ ಗಾಯಕರು ಮೂರು ಕಡೆ ಹಂಚಿಹೋಗುತ್ತಾರೆ. ಇನಿಷಿಯಲ್ ಕೊನೆಗೆ ಹೋಗಲಿ: ಅಶ್ವಥ್ ಸಿ., ಜಾನಕಿ ಎಸ್., ವೆಂಕಟೇಶ್ ಜಿ.ಕೆ.

ವಚನ ಮತ್ತು ದಾಸರ ಪದಗಳಿಗೆ ‘ಮೊದಲ ಸಾಲು’ ಎಂಬ ಅಂಕಣ ಬೇಕೇ ಬೇಕು. ಒಂದೇ ವಚನವನ್ನು ಮಲ್ಲಿಕಾರ್ಜುನ ಮನ್ಸೂರರೂ ಹಾಡಿರಬಹುದು, ಭಜನಾ ಮಂಡಳಿಯವರೂ ಹಾಡಿರಬಹುದು. ಎರಡನ್ನೂ ಒಟ್ಟಿಗೆ ತೋರಿಸುವುದು ಮೊದಲ ಸಾಲೇ. ಕವರಿನಲ್ಲಿ ವಚನಕಾರರ ಹೆಸರಿಲ್ಲದಿದ್ದರೆ ಕೊನೆಯವರೆಗೆ ಕೇಳಿ ಅಂಕಿತ ಹಿಡಿಯಿರಿ. ಕೂಡಲಸಂಗಮದೇವ ಎಂದರೆ ಬಸವಣ್ಣ, ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ದಾಸರಲ್ಲೂ ಹಾಗೇ, ಪುರಂದರವಿಠಲ, ಕಾಗಿನೆಲೆಯಾದಿಕೇಶವ. ಜಾತ್ರೆ, ಮಠದ ಕಾರ್ಯಕ್ರಮಗಳಲ್ಲಿ ಕೈಗೆ ಬಂದ ಸಿಡಿಗಳಿಗೆ ಈ ಶ್ರಮ ಖಂಡಿತ ಸಲ್ಲುತ್ತದೆ, ಬೇರೆಲ್ಲೂ ಅವುಗಳ ವಿವರ ಸಿಗುವುದಿಲ್ಲ.

ಉಳಿದ ಅಂಕಣಗಳು: ಕಂಪನಿ, ಕಂಪನಿಯ ನಂಬರ್, ವರ್ಷ, ಸ್ಥಿತಿ. ಎಚ್‌ಎಂವಿ ಎಲ್‌ಪಿಗಳಲ್ಲಿ ಕಂಪನಿಯ ನಂಬರಿನ ಮುಂದೆ ಇಸಿಎಲ್‌ಪಿ ಎಂದಿದ್ದರೆ ಮೋನೊ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ, ಹಾಗೆಯೇ ಬರೆದುಕೊಳ್ಳಿ. ಸಿಡಿಯ ಮೇಲಿನ ವರ್ಷ ಸಿಡಿ ಬಂದ ವರ್ಷ ಇರಬಹುದು, ಅದನ್ನೇ ಸಿನಿಮಾದ ವರ್ಷ ಎಂದುಕೊಳ್ಳಬೇಡಿ.

ನಂಬರ್ ಹಾಕುವಾಗಲೇ ಪ್ರತಿ ಸಿಡಿಯನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ಬೆಳಕಿನ ಚುಕ್ಕೆ ಕಂಡರೆ ಬೆಳ್ಳಿ ಪದರ ಅಲ್ಲಲ್ಲಿ ಹೋಗಿದೆ ಎಂದರ್ಥ. ಅದನ್ನು ಆವತ್ತೇ ಕಂಪ್ಯೂಟರಿಗೆ ಇಳಿಸಿ. ‘ಬ’ ಸರಣಿಯವನ್ನಂತೂ ಚುಕ್ಕೆ ಇರಲಿ ಬಿಡಲಿ ಮೊದಲು ಇಳಿಸಬೇಕು. ಅವುಗಳ ಹಾಡು ಒಳಗಿನ ಬಣ್ಣದ (ಡೈ) ಪದರದಲ್ಲಿದೆ, ಬಿಸಿಲಿಗೆ ಅದು ಸಾಯುತ್ತದೆ. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತಲೂ ಉಜ್ಜಬಾರದು. 78ರ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗಿ ಗೆರೆಯೇ ಹೋಗುತ್ತದೆ.

ಕಪಾಟಿನ ಜಾಗ ನಮ್ಮ ಕಡೆ ಯೋಚಿಸಿಯೇ ಆರಿಸಬೇಕು. ಸಜ್ಜಾ ಮೇಲೆ ಬೇಡ, ಆರ್‌ಸಿಸಿ ಕೆಳಗಿನ ಆ ಜಾಗ ಮನೆಯಲ್ಲೇ ಅತಿ ಬಿಸಿ. ಪಡುವಣ ಗೋಡೆಗೂ ಒರಗಿಸಬೇಡಿ. ದುರ್ಗದ ಕಲ್ಲಿನ ಗೋಡೆ ಹಗಲಿನ ಕಾವನ್ನು ರಾತ್ರಿವರೆಗೂ ಬಿಡುತ್ತಿರುತ್ತದೆ. ಆಷಾಢದ ಗಾಳಿಯ ಕೆಂಧೂಳು ಒಣ ಬ್ರಶ್ಶಿಗೆ ಹೋಗುತ್ತದೆ, ಆದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮಸಿ ಹಾಗೆ ಹೋಗುವುದಿಲ್ಲ, ಉಜ್ಜಿದಷ್ಟೂ ಹರಡುತ್ತದೆ. ಅಂಥ ಓಣಿಯವರು ಕಪಾಟಿಗೆ ಗಾಜಿನ ಬಾಗಿಲು ಹಾಕಿಸಲಿ. ಸಿಡಿಗೆ 14 ಸೆಂ.ಮೀ. ಎತ್ತರ, 15 ಸೆಂ.ಮೀ. ಆಳ, ಎಲ್‌ಪಿಗೆ 34 ಎತ್ತರ, 33 ಆಳ, 18 ಮಿ.ಮೀ. ಪ್ಲೈವುಡ್, ಎಲ್‌ಪಿ ಸಾಲಿನಲ್ಲಿ ಪ್ರತಿ 30 ಸೆಂ.ಮೀ. ಅಗಲಕ್ಕೊಂದು ನಿಲುವು ಹಲಗೆ. ಅಷ್ಟು ಅಗಲದ ಎಲ್‌ಪಿಗಳಿಗೇ ಇಪ್ಪತ್ತು ಕಿಲೊ ಭಾರ ಬರುತ್ತದೆ. ಎಲ್‌ಪಿ ನೆಟ್ಟಗೆ ನಿಂತಿರಲಿ, ವಾಲಿದರೆ ಸೆಖೆಗೆ ಬಾಗುತ್ತದೆ. ಡಾಂಬರು ಗುಳಿಗೆ ಮಾತ್ರ ಇಡಬೇಡಿ, ಅದರ ಆವಿ ಸಿಡಿ ಡಬ್ಬಿಯ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ.

ಯಾರಿಗಾದರೂ ಡಿಸ್ಕ್ ಕೊಟ್ಟರೆ ಆ ಜಾಗದಲ್ಲಿ ಅದೇ ನಂಬರ್, ಒಯ್ದವರ ಹೆಸರು, ತಾರೀಕು ಬರೆದ ರಟ್ಟಿನ ತುಂಡು ನಿಲ್ಲಿಸಿ. ನಂಬರ್ ಸಾಲಾಗಿರುವುದರಿಂದ ವಾಪಸ್ ಬಂದದ್ದನ್ನು ಮನೆಯ ಯಾರು ಬೇಕಾದರೂ ಅದರ ಜಾಗಕ್ಕೇ ಇಡಬಹುದು.